ಕಡತ ಯಾರ ಕೈಯಲ್ಲಿದೆ?

ಸ್ವಸಹಾಯ ಸಂಘದ ಹೆಂಗಸರು ಓದುವ ಪತ್ರಿಕೆಯಲ್ಲಿ ಅಮೆರಿಕದ ವೀಸಾ ಸಂದರ್ಶನದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಂದು ಫಾರಿನ್ ಗಂಡು ಬರುವುದು ಬೆಂಗಳೂರಿನ ಶ್ರೀಮಂತರ ಮನೆಗೆ ಮಾತ್ರವಲ್ಲ. ಸಾಲ ಸೋಲ ಮಾಡಿ ಮಗಳನ್ನು ಓದಿಸಿದ ತಾಲ್ಲೂಕು ಕೇಂದ್ರದ ಮನೆಗಳಿಗೂ ಬರುತ್ತಾನೆ. ಹದಿನೈದು ದಿನದ ರಜೆಯಲ್ಲಿ ಬಂದು, ಹುಡುಗಿ ನೋಡಿ, ತಾಳಿ ಕಟ್ಟಿ, ‘ವೀಸಾ ಆದ ಮೇಲೆ ಕರೆಸಿಕೊಳ್ಳುತ್ತೇನೆ’ ಎಂದು ವಿಮಾನ ಹತ್ತುತ್ತಾನೆ. ಅಲ್ಲಿಂದ ಮುಂದೆ ಹುಡುಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ತವರಿಗೂ ಸೇರದೆ ಗಂಡನ ಮನೆಗೂ ಸೇರದೆ ಕಾಯುತ್ತಾಳೆ. ವರದಕ್ಷಿಣೆಯ ಎರಡನೆಯ ಕಂತು ಶುರುವಾಗುವುದು ಈ ಕಾಯುವ ಕಾಲದಲ್ಲಿಯೇ.

ಮೊದಲು ವ್ಯವಸ್ಥೆ ಹೇಗಿದೆ ಎಂದು ತಿಳಿಯೋಣ. ಗಂಡ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದರೆ ಹೆಂಡತಿಗೆ ಸಿಗುವುದು ಎಚ್-4 ಎಂಬ ಅವಲಂಬಿತ ವೀಸಾ; ಅದರ ನಿಯಮಗಳು ಬೇರೆ. ಗಂಡ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇರುವವನೋ ಆಗಿದ್ದು, ಹೆಂಡತಿಯನ್ನು ಕಾಯಂ ಆಗಿ ಕರೆಸಿಕೊಳ್ಳುವುದಾದರೆ ಬೇಕಾದದ್ದು ವಲಸೆ ವೀಸಾ. ಇದಕ್ಕೆ ಅವನು ಅಲ್ಲಿ ಐ-130 ಎಂಬ ಅರ್ಜಿ ಸಲ್ಲಿಸಬೇಕು. ಅದು ಮಂಜೂರಾದ ಮೇಲೆ ಹೆಂಡತಿ ಡಿಎಸ್-260 ಎಂಬ ಅರ್ಜಿ ತುಂಬಬೇಕು. ಕೊನೆಯದು ಸಂದರ್ಶನ. ನಮ್ಮ ಕಡೆಯವರಿಗೆ ಇದು ನಡೆಯುವುದು ಮುಂಬಯಿಯ ಅಮೆರಿಕನ್ ಕಾನ್ಸುಲೇಟ್ ಕಚೇರಿಯಲ್ಲಿ. ಅಲ್ಲಿ ಗಂಡ ಇರಲೇಬೇಕೆಂಬ ನಿಯಮವಿಲ್ಲ. ಬಲಗೈ ಎತ್ತಿ ಪ್ರಮಾಣ ಮಾಡಿ ಉತ್ತರಿಸಬೇಕಾದವಳು ಹೆಂಡತಿ.

ಆದರೆ ಆಗುವುದೇನು? ಕಡತವೆಲ್ಲ ಗಂಡನ ಬಳಿಯೋ ಮಾವನ ಬೀರುವಿನಲ್ಲೋ ಇರುತ್ತದೆ. ಹುಡುಗಿಗೆ ತನ್ನ ಕೇಸ್ ನಂಬರ್ ಕೂಡ ಗೊತ್ತಿರುವುದಿಲ್ಲ. ‘ನಿನಗೆ ಅದೆಲ್ಲ ತಿಳಿಯೋದಿಲ್ಲ, ಹೇಳಿಕೊಟ್ಟಷ್ಟು ಹೇಳು’ ಎನ್ನುತ್ತಾರೆ. ಕಡತ ಯಾರ ಕೈಯಲ್ಲಿದೆಯೋ ಅವರು ಕೇಳಿದ್ದನ್ನು ಕೊಡಬೇಕಾಗುತ್ತದೆ. ವಕೀಲರ ಫೀಸು, ವೀಸಾ ಖರ್ಚು, ಅಲ್ಲಿನ ಮನೆಯ ಮುಂಗಡ ಎಂದು ಒಂದೊಂದಾಗಿ ಬೇಡಿಕೆ ಬರುತ್ತದೆ. ಮಗಳ ಬಾಳು ಹಾಳಾದೀತೆಂದು ತಾಯಿ ಒಡವೆ ಅಡವಿಡುತ್ತಾಳೆ, ಸಂಘದಲ್ಲಿ ಸಾಲ ಕೇಳುತ್ತಾಳೆ.

ಲೆಕ್ಕ ನೋಡೋಣ. 2024ರ ಏಪ್ರಿಲ್‌ನಲ್ಲಿ ನಿಗದಿಯಾದಂತೆ ಕಾಗದದ ಮೇಲೆ ಸಲ್ಲಿಸುವ ಐ-130 ಅರ್ಜಿಯ ಶುಲ್ಕ 675 ಡಾಲರ್. ವೀಸಾ ಅರ್ಜಿಗೆ 325 ಡಾಲರ್, ಗಂಡನ ಹಣಕಾಸಿನ ಕಾಗದ ಪರಿಶೀಲನೆಗೆ 120 ಡಾಲರ್. ಮೂರೂ ಸೇರಿ 1,120 ಡಾಲರ್, ಅಂದರೆ ಸುಮಾರು ಒಂದು ಲಕ್ಷ ರೂಪಾಯಿ. ಇದರ ಮೇಲೆ ವೈದ್ಯಕೀಯ ಪರೀಕ್ಷೆ, ಮುಂಬಯಿ ಪ್ರಯಾಣ, ವಿಮಾನದ ಟಿಕೆಟ್ಟು. ಸರ್ಕಾರಕ್ಕೆ ಕಟ್ಟುವ ಹಣಕ್ಕೆಲ್ಲ ರಸೀದಿ ಇರುತ್ತದೆ. ರಸೀದಿ ತೋರಿಸದೆ ಹತ್ತು ಲಕ್ಷ ಕೇಳುವವನು ಕೇಳುತ್ತಿರುವುದು ವೀಸಾ ಖರ್ಚನ್ನಲ್ಲ, ವರದಕ್ಷಿಣೆಯನ್ನು. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ಮದುವೆಗೆ ಮುಂಚೆ, ಮದುವೆಯಲ್ಲಿ ಮಾತ್ರವಲ್ಲ, ಮದುವೆಯ ಸಂಬಂಧವಾಗಿ ಅದರ ನಂತರ ಯಾವಾಗ ಕೇಳಿದರೂ ಅದು ವರದಕ್ಷಿಣೆಯೇ. ಅದಕ್ಕಾಗಿ ಹಿಂಸೆ ಕೊಟ್ಟರೆ, ಮೊದಲು 498ಎ ಎಂದು ನಾವು ಬಲ್ಲ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿ ಜಾರಿಯಲ್ಲಿದೆ.

ಹಾಗಾಗಿ ಸಂದರ್ಶನಕ್ಕೆ ಸಿದ್ಧವಾಗುವುದೆಂದರೆ ಉತ್ತರಗಳನ್ನು ಬಾಯಿಪಾಠ ಮಾಡುವುದಲ್ಲ, ತನ್ನ ಕಡತವನ್ನು ತಾನು ಓದುವುದು. ಮುಂಬಯಿಯ ಕೇಸ್ ನಂಬರ್ ಬಿಎಂಬಿ ಎಂಬ ಅಕ್ಷರಗಳಿಂದ ಶುರುವಾಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಮದುವೆ ನೋಂದಣಿ ಪತ್ರ, ಜನನ ಪ್ರಮಾಣಪತ್ರ, ಪೊಲೀಸ್ ಪ್ರಮಾಣಪತ್ರ, ಲಗ್ನಪತ್ರಿಕೆ, ಮದುವೆಯ ಫೋಟೋ ಇವುಗಳ ಮೂಲ ಪ್ರತಿ ಅವಳ ಬಳಿಯೇ ಇರಬೇಕು. ಕನ್ನಡದ ದಾಖಲೆಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಗಂಡನಿಗೆ ಹಿಂದೆ ಮದುವೆಯಾಗಿದ್ದರೆ ಅದು ಮುಗಿದದ್ದಕ್ಕೆ ದಾಖಲೆ ಕಡತದಲ್ಲಿ ಇರಲೇಬೇಕು. ಮದುವೆ ಮಾತುಕತೆಯಲ್ಲಿ ಮುಚ್ಚಿಟ್ಟ ಸಂಗತಿ ಎಷ್ಟೋ ಸಲ ಕಾಗದದಲ್ಲಿ ಸಿಗುತ್ತದೆ. ಓದಿಸಿಕೊಂಡಾದರೂ ತಿಳಿಯಿರಿ.

ಅಧಿಕಾರಿ ಕೇಳುವುದು ಸಂಬಂಧ ಹೇಗೆ ಕೂಡಿಬಂತು, ಮದುವೆಗೆ ಯಾರು ಬಂದಿದ್ದರು, ಗಂಡನ ಕೆಲಸವೇನು, ಇರುವುದೆಲ್ಲಿ ಎಂಬಂಥ ಪ್ರಶ್ನೆಗಳನ್ನು. ನಿಜ ಮದುವೆಯಾದವಳಿಗೆ ಇವು ಕಷ್ಟದ ಪ್ರಶ್ನೆಗಳಲ್ಲ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ಎನ್ನಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬಹುದು. ಯಾರೇ ಹೇಳಿಕೊಟ್ಟರೂ ಸುಳ್ಳು ಹೇಳಬಾರದು. ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದ್ದು ಸಾಬೀತಾದರೆ ಅಮೆರಿಕಕ್ಕೆ ಕಾಯಂ ನಿರ್ಬಂಧ ಬೀಳಬಹುದು. ಆ ನಿರ್ಬಂಧ ಬೀಳುವುದು ಹೇಳಿಕೊಟ್ಟ ಮಾವನ ಮೇಲಲ್ಲ, ಹೇಳಿದ ಹುಡುಗಿಯ ಮೇಲೆ. ಕಾಗದ ಸಾಲದೆಂದು ತಡೆದರೆ ಏನು ಬೇಕೆಂದು ಬರೆದುಕೊಡುತ್ತಾರೆ. ಆ ಚೀಟಿ ಜೋಪಾನವಾಗಿಡಿ. ಅದರಲ್ಲಿ ದಾಖಲೆಯ ಕೊರತೆ ಬರೆದಿರುತ್ತದೆಯೇ ಹೊರತು ಸೊಸೆಯ ಕಾಲ್ಗುಣವಲ್ಲ.

ಇನ್ನೆರಡು ಸಂಗತಿ ಪ್ರತಿ ಹುಡುಗಿಗೂ ಗೊತ್ತಿರಬೇಕು. ಗಂಡ ಐ-864 ಎಂಬ ಮುಚ್ಚಳಿಕೆಗೆ ಸಹಿ ಹಾಕಿರುತ್ತಾನೆ. ಅಮೆರಿಕ ಸರ್ಕಾರ ಗೊತ್ತುಮಾಡಿದ ಬಡತನದ ರೇಖೆಯ ಶೇಕಡಾ 125ರ ಮಟ್ಟದಲ್ಲಿ ಹೆಂಡತಿಯನ್ನು ಪೋಷಿಸುತ್ತೇನೆಂಬ ಕಾನೂನುಬದ್ಧ ವಚನ ಅದು. ವಿಚ್ಛೇದನವಾದರೂ ಆ ಹೊಣೆ ಅಷ್ಟಕ್ಕೇ ಮುಗಿಯುವುದಿಲ್ಲ. ಅಲ್ಲಿನ ನ್ಯಾಯಾಲಯದಲ್ಲಿ ಅವಳೇ ಅದನ್ನು ಕೇಳಬಹುದು. ಅದರ ಪ್ರತಿ ಅವಳ ಬಳಿ ಇರಲಿ. ಎರಡನೆಯದು, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಹೋದವಳಿಗೆ ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್ ಸಿಗುತ್ತದೆ. ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡಹೆಂಡಿರು ಕೂಡಿ ಐ-751 ಅರ್ಜಿ ಹಾಕಬೇಕು. ‘ಸಹಿ ಹಾಕೋದಿಲ್ಲ, ವಾಪಸು ಅಟ್ಟುತ್ತೇನೆ’ ಎಂದು ಹೆದರಿಸುವುದು ಇಲ್ಲಿಯೇ. ಹೊಡೆತ ಬಡಿತಕ್ಕೋ ಕ್ರೌರ್ಯಕ್ಕೋ ಒಳಗಾದವಳು ಗಂಡನ ಸಹಿಯಿಲ್ಲದೆ ತಾನೊಬ್ಬಳೇ ಅರ್ಜಿ ಹಾಕಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ವೀಸಾ ಸಿಗುವ ಮೊದಲು ಗಂಡ ತನ್ನ ಅರ್ಜಿ ಹಿಂತೆಗೆದುಕೊಳ್ಳಬಹುದು, ನಿಜ. ಆದರೆ ಕಾಯಂ ನಿವಾಸಿಯಾಗಿ ಕಾಲಿಟ್ಟ ಮೇಲೆ ಅವನ ಬಾಯಿಮಾತಿನಿಂದ ಅವಳ ಹಕ್ಕು ರದ್ದಾಗುವುದಿಲ್ಲ. ಅಲ್ಲಿ ಆಪತ್ತಿಗೆ 911. ಕೌಟುಂಬಿಕ ಹಿಂಸೆಯ ಸಹಾಯವಾಣಿ 1-800-799-7233. ಈ ಎರಡು ನಂಬರು ಬಾಯಿಪಾಠವಿರಲಿ.

1994ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಗಂಡ ಕರೆಸಿಕೊಳ್ಳುತ್ತಾನೆಂದು ನಂಬಿ ಹುಡುಗಿ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಳು. ಬಂದದ್ದು ಮದುವೆ ರದ್ದು ಕೋರಿ ಅಮೆರಿಕದ ಕೋರ್ಟಿನಲ್ಲಿ ಹಾಕಿದ ಅರ್ಜಿ. ಇಂಥ ಮದುವೆಗಳನ್ನು ವಿದೇಶಿ ಕೋರ್ಟು ರದ್ದುಮಾಡದಂತೆ ಕಾನೂನು ಬರಲಿ ಎಂದು ನ್ಯಾಯಾಲಯ ಆಗಲೇ ಸೂಚಿಸಿತ್ತು. 2019ರಲ್ಲಿ ಅನಿವಾಸಿ ಭಾರತೀಯರ ಮದುವೆ ನೋಂದಣಿಯ ಮಸೂದೆ ರಾಜ್ಯಸಭೆಗೆ ಬಂತು, ಕಾಯಿದೆಯಾಗಲಿಲ್ಲ. 2024ರಲ್ಲಿ ಕಾನೂನು ಆಯೋಗವೂ ಸಮಗ್ರ ಕಾನೂನು ಬೇಕೆಂದು ವರದಿ ಕೊಟ್ಟಿತು. ಆ ಕಾನೂನಿಗಾಗಿ ಹೋರಾಡಲೇಬೇಕು. ಅದು ಬರುವ ತನಕ ನಮ್ಮ ಹುಡುಗಿಯರನ್ನು ನಾವೇ ಕಾಯಬೇಕು.

ಅಕ್ಕತಂಗಿಯರೇ, ಇದು ಸಂಘಕ್ಕೆ ಮೀರಿದ ಕೆಲಸವಲ್ಲ. ಮದುವೆಯಾದ ವಾರದಲ್ಲೇ ನೋಂದಣಿ ಮಾಡಿಸಿ. ಕೊಟ್ಟ ಒಡವೆ ವಸ್ತುಗಳ ಪಟ್ಟಿ ಬರೆದು ಸಹಿ ಹಾಕಿಸಿ. 1985ರ ನಿಯಮಗಳೇ ಇದನ್ನು ಹೇಳುತ್ತವೆ. ಗಂಡನ ಪಾಸ್‌ಪೋರ್ಟ್ ನಂಬರು, ಅಲ್ಲಿನ ಮನೆ ಮತ್ತು ಕೆಲಸದ ವಿಳಾಸ ಬರೆದಿಟ್ಟುಕೊಳ್ಳಿ. ಎಲ್ಲದರ ಒಂದು ಜೆರಾಕ್ಸ್ ಸಂಘದ ಪೆಟ್ಟಿಗೆಯಲ್ಲಿರಲಿ. ವೀಸಾ ಕೈಗೆ ಬರುವವರೆಗೆ ಹುಡುಗಿ ಕೆಲಸ ಬಿಡದಿರಲಿ, ತನ್ನ ಖಾತೆ ಮುಚ್ಚದಿರಲಿ. ಮಗಳ ವೀಸಾ ಖರ್ಚಿಗೆಂದು ಸಾಲ ಕೇಳಿ ತಾಯಿ ಬಂದಾಗ ರಸೀದಿ ಎಲ್ಲಿ, ಕೇಸ್ ನಂಬರ್ ಏನು ಎಂದು ಸಂಘ ಕೇಳಲಿ. ಉತ್ತರ ಇಲ್ಲದಿದ್ದರೆ ಆಕೆಗೆ ಬೇಕಾದದ್ದು ಸಾಲವಲ್ಲ, ಜೊತೆಗೆ ನಿಂತು ‘ಕೊಡುವುದಿಲ್ಲ’ ಎನ್ನುವ ಹತ್ತು ಹೆಂಗಸರು.