ಸೈಡರ್ ಸವಿಯಲು ಹೊರಟವರಲ್ಲಿ ಕಾರು ಓಡಿಸುವವರು ಯಾರು?

ಸೆಪ್ಟೆಂಬರ್ ಕಾಲಿಟ್ಟರೆ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಸೇಬು ಕೀಳುವ ಕಾಲ. ನ್ಯೂಯಾರ್ಕ್, ನ್ಯೂಜೆರ್ಸಿ, ಬಾಸ್ಟನ್ ಸುತ್ತಮುತ್ತ ಇರುವ ನಮ್ಮವರು ಶನಿವಾರ ಬಂತೆಂದರೆ ಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡು ತೋಟಗಳ ಕಡೆ ಹೊರಡುತ್ತೇವೆ. ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬುಟ್ಟಿ ಹಿಡಿದ ಮೊಮ್ಮಗಳ ಫೋಟೊ ಬರುತ್ತದೆ. ಕೆಲವೊಮ್ಮೆ ಅದರ ಹಿಂದೆಯೇ, ಮರದ ಹಲಗೆಯ ಮೇಲೆ ಸಾಲಾಗಿಟ್ಟ ನಾಲ್ಕು ಪುಟ್ಟ ಗಾಜಿನ ಲೋಟಗಳ ಫೋಟೊ ಕೂಡ. ‘ಸೈಡರ್ ಕುಡಿದ್ವಿ’ ಎಂಬುದನ್ನು ಓದಿ ಹಾಸನದಲ್ಲೋ ಹೊನ್ನಾವರದಲ್ಲೋ ಕುಳಿತ ಅಜ್ಜ ಅದನ್ನು ಹಣ್ಣಿನ ರಸ ಎಂದುಕೊಳ್ಳುತ್ತಾರೆ. ಮೊಮ್ಮಗಳು ಕುಡಿದದ್ದು ಹಣ್ಣಿನ ರಸವೇ. ಹಲಗೆಯ ಮೇಲಿದ್ದದ್ದು ಬೇರೆ.

ಅಮೆರಿಕದಲ್ಲಿ ಬರೀ ‘ಸೈಡರ್’ ಎಂದರೆ ಸೋಸದ ಸೇಬಿನ ರಸ. ಅದೇ ರಸ ಹುದುಗಿ ಮದ್ಯವಾದರೆ ‘ಹಾರ್ಡ್ ಸೈಡರ್’. ನಮ್ಮ ತೆಂಗಿನ ನೀರಾ ಹೇಗೆ ಬಿಸಿಲೇರಿದಂತೆ ಹುಳಿಯಾಗಿ ಹೆಂಡವಾಗುತ್ತದೋ ಹಾಗೆಯೇ ಇದು. ಬ್ರಿಟನ್ನಿನಲ್ಲಿ ಲೆಕ್ಕ ಬೇರೆ: ಅಲ್ಲಿ ಸೈಡರ್ ಎಂದರೆ ಮದ್ಯವೇ. ಲಂಡನ್ನಿನ ಅಣ್ಣ ಮತ್ತು ನ್ಯೂಜೆರ್ಸಿಯ ತಂಗಿ ಒಂದೇ ಪದ ಬಳಸಿದರೂ ಹೇಳುತ್ತಿರುವುದು ಒಂದೇ ಪೇಯದ ಬಗ್ಗೆ ಅಲ್ಲದಿರಬಹುದು.

ಅಮೆರಿಕಕ್ಕೆ ಇದು ಹೊಸ ಪೇಯವೇನಲ್ಲ. ವಸಾಹತು ಕಾಲದಲ್ಲಿ ಹಳ್ಳಿಗಳ ಮನೆಮನೆಯಲ್ಲೂ ಸೈಡರ್ ಪೀಪಾಯಿ ಇರುತ್ತಿತ್ತು. ಆಮೇಲೆ ಬಿಯರ್ ಬಂತು, ಪಾನನಿರೋಧದ ಚಳವಳಿ ಬಂತು, 1920ರಿಂದ 1933ರವರೆಗೆ ದೇಶಕ್ಕೆ ದೇಶವೇ ಮದ್ಯ ನಿಷೇಧಿಸಿತು. ಹಳೆಯ ಸೈಡರ್ ತೋಟಗಳು ಹೆಚ್ಚುಕಡಿಮೆ ಮರೆತೇ ಹೋದವು.

ಅದು ಮತ್ತೆ ಚಿಗುರಿದ್ದು ಕಾನೂನು ಬದಲಾದ ಮೇಲೆ. ನ್ಯೂಯಾರ್ಕ್ ರಾಜ್ಯ 2013ರಲ್ಲಿ ‘ಫಾರ್ಮ್ ಸೈಡರಿ’ ಎಂಬ ಹೊಸ ಪರವಾನಗಿ ತಂದಿತು. 2014ರ ಜನವರಿಯಲ್ಲಿ ಅದು ಜಾರಿಗೆ ಬಂತು. ಷರತ್ತು ಸರಳ: ರಾಜ್ಯದೊಳಗೆ ಬೆಳೆದ ಸೇಬನ್ನೇ ಬಳಸಬೇಕು. ಪ್ರತಿಯಾಗಿ ತಯಾರಕ ತನ್ನ ಜಾಗದಲ್ಲೇ ರುಚಿ ತೋರಿಸಬಹುದು, ಲೋಟದ ಲೆಕ್ಕದಲ್ಲೂ ಬಾಟಲಿ ಲೆಕ್ಕದಲ್ಲೂ ಮಾರಬಹುದು. 2015ರ ಡಿಸೆಂಬರಿನಲ್ಲಿ ಕೇಂದ್ರದ ಸಂಸತ್ತು ಹಾರ್ಡ್ ಸೈಡರ್‌ನ ವ್ಯಾಖ್ಯೆ ಬದಲಿಸಿತು. 2017ರಿಂದ ಶೇ 8.5ರಷ್ಟು ಮದ್ಯಾಂಶ ಇರುವ ಪೇಯವೂ ಸೈಡರ್ ಎನಿಸಿಕೊಂಡಿತು. ಮೊದಲು ಶೇ 7 ದಾಟುವಂತಿರಲಿಲ್ಲ. ಇದೇನು ಮಹಾ ಎನಿಸಬಹುದು. ಆದರೆ ವೈನ್‌ಗೆ ಗ್ಯಾಲನ್ನಿಗೆ 1 ಡಾಲರ್ 7 ಸೆಂಟ್ ಸುಂಕವಿದ್ದರೆ ಹಾರ್ಡ್ ಸೈಡರ್‌ಗೆ ಇರುವುದು 22.6 ಸೆಂಟ್. ಹಣ್ಣು ಹೆಚ್ಚು ಸಿಹಿಯಾದ ವರ್ಷ ಮದ್ಯಾಂಶ ತಾನಾಗಿ ಮೇಲೇರಿ, ಪಾಪ, ಸೈಡರ್ ಮಾಡಿದವನು ವೈನ್ ಸುಂಕ ಕಟ್ಟಬೇಕಾಗುತ್ತಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ತೋಟದಲ್ಲೇ ಮಾರುವ ಅವಕಾಶ. ಅಮೆರಿಕದಲ್ಲಿ ಮದ್ಯ ಸಾಮಾನ್ಯವಾಗಿ ತಯಾರಕನಿಂದ ವಿತರಕನಿಗೆ, ಅಲ್ಲಿಂದ ಅಂಗಡಿಗೆ ಹೋಗಬೇಕು. ನಡುವಿನ ಇಬ್ಬರ ಪಾಲು ಕಳೆದು ಸಣ್ಣ ತೋಟದವನ ಕೈಗೆ ಉಳಿಯುವುದು ಅಷ್ಟಕ್ಕಷ್ಟೆ. ನಮ್ಮ ಅಡಿಕೆ, ಟೊಮೆಟೊ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೇಸ್ಟಿಂಗ್ ರೂಮ್‌ನಲ್ಲಿ ಮಾರಿದ ಬಾಟಲಿಯ ಹಣ ಪೂರ್ತಿ ತೋಟಕ್ಕೇ ಬರುತ್ತದೆ. 2023ರ ಮೇ 18ರ ಇಬ್ಬನಿ ನ್ಯೂಯಾರ್ಕ್, ವರ್ಮಾಂಟ್ ತೋಟಗಳ ಹೂವು–ಹೀಚುಗಳನ್ನು ಸುಟ್ಟು ಹಾಕಿದಂಥ ವರ್ಷದಲ್ಲಿ, ಹಿಂದಿನ ಫಸಲಿನ ಬಾಟಲಿಗಳನ್ನು ಬಾಗಿಲಲ್ಲೇ ಮಾರಿ ತೋಟವನ್ನು ನಡೆಸಬಹುದು. ಹಾಗಾಗಿ ಈ ಜಾಗಗಳನ್ನು ಬರೀ ಬಾರ್ ಎಂದು ನೋಡಿದರೆ ತಪ್ಪಾಗುತ್ತದೆ.

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಹೋದರೆ ಹಡ್ಸನ್ ಕಣಿವೆ, ಇನ್ನೂ ಒಳನಾಡಿಗೆ ಇಥಾಕಾ ಸುತ್ತಲಿನ ಫಿಂಗರ್ ಲೇಕ್ಸ್ ಸೀಮೆ, ದಕ್ಷಿಣದಲ್ಲಿ ವರ್ಜೀನಿಯಾದ ಬ್ಲೂ ರಿಡ್ಜ್ ತಪ್ಪಲು. ನಮ್ಮವರು ಹೆಚ್ಚಾಗಿ ಹೋಗುವುದು ಈ ಮೂರು ಕಡೆ. ದೇಶವಿಡೀ ಮಾರಾಟವಾಗುವ ಆ್ಯಂಗ್ರಿ ಆರ್ಚರ್ಡ್ ಕಂಪನಿ ಕೂಡ 2015ರಲ್ಲಿ ಹಡ್ಸನ್ ಕಣಿವೆಯ ವಾಲ್ಡನ್‌ನಲ್ಲಿ ತೋಟದ ನಡುವೆಯೇ ಬಾಗಿಲು ತೆರೆಯಿತು. ಸಣ್ಣ ಕಡೆಗಳಲ್ಲಿ ಕಟ್ಟಡವೆಂದರೆ ಹಳೆಯ ಕೊಟ್ಟಿಗೆ, ಮುಂದೆ ಹುಲ್ಲು, ನಾಲ್ಕು ಬೆಂಚು. ಸುರಿದು ಕೊಡುವವರೇ ಮರ ಸವರಿದವರೂ ಆಗಿರುತ್ತಾರೆ. ಪ್ರಶ್ನೆ ಕೇಳಿದರೆ ಕೆಲಸ ಬಿಟ್ಟು ಮಾತಿಗೆ ನಿಲ್ಲುತ್ತಾರೆ. ಕೃಷಿಯ ಮನೆಯಿಂದ ಬಂದ ಅಪ್ಪಂದಿರಿಗೆ ನ್ಯೂಯಾರ್ಕಿನ ಗಗನಚುಂಬಿಗಳಿಗಿಂತ ಇದೇ ಹೆಚ್ಚು ಹಿಡಿಸುವುದನ್ನು ನಾವು ಕಂಡಿದ್ದೇವೆ.

ಸೈಡರ್‌ಗೆಂದೇ ಬೆಳೆಯುವ ಸೇಬುಗಳನ್ನು ತಿನ್ನಲಾಗುವುದಿಲ್ಲ. ಡ್ಯಾಬಿನೆಟ್, ಕಿಂಗ್‌ಸ್ಟನ್ ಬ್ಲ್ಯಾಕ್‌ನಂಥ ಇಂಗ್ಲೆಂಡಿನ ತಳಿಗಳನ್ನು ಕಚ್ಚಿದರೆ ಗೇರುಹಣ್ಣು ತಿಂದಂತೆ ನಾಲಿಗೆ ಒಗರೊಗರಾಗಿ ಹಿಡಿದುಕೊಳ್ಳುತ್ತದೆ. ಆ ಒಗರು, ಹುಳಿ ಎರಡೂ ಇದ್ದರೇ ಹುದುಗಿದ ಮೇಲೆ ರುಚಿ ನಿಲ್ಲುವುದು. ಸಿಹಿ ಇರುತ್ತದೆಂದು ಬಾಯಿಗಿಟ್ಟವರು ಮೊದಲ ಗುಟುಕಿಗೇ ಮುಖ ಕಿವುಚುತ್ತಾರೆ: ಸಕ್ಕರೆಯೆಲ್ಲ ಹುದುಗಿ ಹೋದ ‘ಡ್ರೈ’ ಸೈಡರ್‌ನಲ್ಲಿ ಸಿಹಿ ಇರುವುದೇ ಇಲ್ಲ.

ಇನ್ನು ಹಲಗೆಯ ಲೆಕ್ಕ. ನಾಲ್ಕು ಲೋಟಗಳ ಈ ಸಾಲಿಗೆ ‘ಫ್ಲೈಟ್’ ಎನ್ನುತ್ತಾರೆ. ಒಂದೊಂದರಲ್ಲಿ 120 ಮಿ.ಲೀ. ಎಂದಿಟ್ಟುಕೊಂಡರೆ ಒಟ್ಟು 480 ಮಿ.ಲೀ. ಶೇ 7ರ ಮದ್ಯಾಂಶದಲ್ಲಿ ಅದು ನಮ್ಮೂರಿನ 650 ಮಿ.ಲೀ. ಬಿಯರ್ ಬಾಟಲಿ ಒಂದಕ್ಕೆ ಸಮ. ಪುಟ್ಟ ಲೋಟ, ಹಣ್ಣಿನ ಪರಿಮಳ, ಪಕ್ಕದಲ್ಲಿ ಮಕ್ಕಳ ಆಟ. ಒಂದು ದೊಡ್ಡ ಬಾಟಲಿ ಒಳಗಿಳಿದಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಇದೇ ಅಪಾಯ. ತೋಟದಲ್ಲೇ ಮಾರಬೇಕೆಂದು ಕಾನೂನು ಮಾಡಿಕೊಟ್ಟ ಅನುಕೂಲದ ಇನ್ನೊಂದು ಮುಖವೂ ಇದೇ: ತೋಟವಿರುವುದು ಹಳ್ಳಿಯಲ್ಲಿ, ಅಲ್ಲಿಗೆ ಬಸ್ಸಿಲ್ಲ, ಸಂಜೆಯಾದರೆ ಊಬರ್ ಸಿಗುವುದೂ ಅನುಮಾನ. ಹೋದವರು ಕಾರಿನಲ್ಲೇ ಮರಳಬೇಕು.

ನ್ಯೂಯಾರ್ಕಿನಲ್ಲಿ ರಕ್ತದ ಮದ್ಯಾಂಶ ಶೇ 0.08 ಇದ್ದರೆ ಕುಡಿದು ಓಡಿಸಿದ ಅಪರಾಧ, ಶೇ 0.05 ದಾಟಿದರೂ ‘ಚಾಲನಾ ಸಾಮರ್ಥ್ಯ ಕುಂದಿದೆ’ ಎಂದು ಪ್ರಕರಣ ಹಾಕಬಹುದು. ಅಮೆರಿಕದ ಪ್ರಜೆಗೆ ಇದು ದಂಡ, ವಕೀಲರ ಶುಲ್ಕ, ಲೈಸೆನ್ಸ್ ಅಮಾನತು. ವೀಸಾದ ಮೇಲೆ ಇರುವ ನಮಗೆ ಅಲ್ಲಿಗೇ ಮುಗಿಯುವುದಿಲ್ಲ. 2015ರ ನವೆಂಬರಿನಿಂದ ವಿದೇಶಾಂಗ ಇಲಾಖೆಯ ನಿರ್ದೇಶನ ಹೀಗಿದೆ: ಕುಡಿದು ವಾಹನ ಓಡಿಸಿದ್ದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಬಂಧನವಾಗಿದ್ದರೂ ಸಾಕು, ವೀಸಾ ರದ್ದು ಮಾಡಬಹುದು. ಶಿಕ್ಷೆಯಾಗಬೇಕಿಲ್ಲ. ಎಚ್‌–1ಬಿ, ಎಫ್‌–1, ಎಲ್‌–1 ಎಂಬ ಭೇದವೂ ಇಲ್ಲ.

ರದ್ದಾದ ಮರುದಿನವೇ ದೇಶ ಬಿಡಬೇಕೆಂದೇನಿಲ್ಲ. ಸಾಮಾನ್ಯವಾಗಿ ಒಳಗಿರುವವರ ವಾಸ್ತವ್ಯಕ್ಕೆ ತಕ್ಷಣ ಧಕ್ಕೆಯಾಗುವುದಿಲ್ಲ. ಪೆಟ್ಟು ಬೀಳುವುದು ಊರಿಗೆ ಹೋದಾಗ. ತಂಗಿಯ ಮದುವೆಗೋ ತಂದೆಯ ಆಸ್ಪತ್ರೆ ಕೆಲಸಕ್ಕೋ ಬಂದವರು ಹಳೆಯ ವೀಸಾದಲ್ಲಿ ಮರಳುವಂತಿಲ್ಲ. ಹೊಸದಾಗಿ ಅರ್ಜಿ ಹಾಕಬೇಕು, ಸಂದರ್ಶನದ ದಿನಾಂಕಕ್ಕೆ ಕಾಯಬೇಕು, ದೂತಾವಾಸ ಸೂಚಿಸಿದ ವೈದ್ಯರಿಂದ ಕುಡಿತದ ಚಟವಿಲ್ಲವೆಂದು ತಪಾಸಣೆ ಮಾಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಅಲ್ಲಿನ ಮನೆ ಬಾಡಿಗೆ, ಕಾರಿನ ಕಂತು, ಮಕ್ಕಳ ಶಾಲೆ ಹಾಗೇ ನಿಂತಿರುತ್ತವೆ. ಕಂಪನಿ ಎಷ್ಟು ದಿನ ಕಾದೀತು?

ಬಿಗಿ ಹೆಚ್ಚುತ್ತಲೇ ಇದೆ. 6,000ಕ್ಕೂ ಹೆಚ್ಚು ವಿದ್ಯಾರ್ಥಿ ವೀಸಾಗಳನ್ನು ರದ್ದು ಮಾಡಿರುವುದಾಗಿ ಇಲಾಖೆ 2025ರ ಆಗಸ್ಟ್‌ನಲ್ಲಿ ಹೇಳಿತು. ಅದು ಕೊಟ್ಟ ಕಾರಣಗಳಲ್ಲಿ ಕುಡಿದು ವಾಹನ ಓಡಿಸಿದ್ದೂ ಇತ್ತು. ಅದೇ ಜೂನ್‌ನಲ್ಲಿ ಇದನ್ನು ಗಡಿಪಾರಿಗೆ ಕಾರಣವಾಗಿಸುವ ಮಸೂದೆಗೆ ಪ್ರತಿನಿಧಿ ಸಭೆ ಒಪ್ಪಿಗೆ ಕೊಟ್ಟಿತು. ಸೆನೆಟ್ ಕೂಡ ಒಪ್ಪಿದರಷ್ಟೇ ಅದು ಕಾನೂನು. ಗ್ರೀನ್ ಕಾರ್ಡ್ ಸಿಕ್ಕವರಿಗೂ ಪೂರ್ತಿ ನಿರಾಳವಿಲ್ಲ. ಪೌರತ್ವದ ಅರ್ಜಿಯಲ್ಲಿ ಪರಿಶೀಲಿಸುವ ಅವಧಿಯೊಳಗೆ ಇಂಥ ಎರಡು ಶಿಕ್ಷೆಗಳಿದ್ದರೆ ‘ಸನ್ನಡತೆ ಇಲ್ಲ’ ಎಂದು ಭಾವಿಸಬಹುದೆಂಬ ನಿಲುವು 2019ರಿಂದ ಇದೆ.

ಹಾಗೆಂದು ತೋಟಕ್ಕೇ ಹೋಗಬೇಡಿ ಎಂದು ಊರಿನಿಂದ ಫೋನ್ ಮಾಡುವುದು ನಮಗೆ ಸರಿಕಾಣುವುದಿಲ್ಲ. ಕೇಳಬೇಕಾದದ್ದು ‘ಕುಡಿದೆಯಾ?’ ಎಂದಲ್ಲ, ಆ ಪ್ರಶ್ನೆಗೆ ಮಕ್ಕಳು ನಿಜ ಹೇಳುವುದೂ ಕಡಿಮೆ. ‘ಕಾರು ಯಾರು ಓಡಿಸ್ತಾರೆ?’ ಎಂದು ಕೇಳಿ. ನಾಲ್ಕು ಮಂದಿಯ ಗುಂಪಿನಲ್ಲಿ ಒಬ್ಬರು ಆ ದಿನ ಹುದುಗದ ರಸವನ್ನೇ ಕುಡಿದರಾಯಿತು. ಎಷ್ಟೋ ಮನೆಗಳಲ್ಲಿ ಆ ಒಬ್ಬರು ಪ್ರತಿ ಸಲವೂ ಸೊಸೆಯೇ ಆಗಿರುತ್ತಾರೆ. ಸರದಿ ಹಾಕಿಕೊಂಡರೆ ಒಳ್ಳೆಯದು. ರುಚಿ ಹಿಡಿಸಿದ್ದರೆ ಸೀಲ್ ಒಡೆಯದ ಬಾಟಲಿ ಕೊಂಡು ಡಿಕ್ಕಿಯಲ್ಲಿಟ್ಟು ಮನೆಗೆ ತರಬಹುದು. ಬಾಯಿ ತೆರೆದ ಕ್ಯಾನ್ ಸೀಟಿನ ಪಕ್ಕದಲ್ಲಿ ಸಿಕ್ಕರೆ ನ್ಯೂಯಾರ್ಕಿನಲ್ಲಿ ಅದೇ ಒಂದು ತಪ್ಪು.

ಶರದೃತುವಿಗೆಂದು ಬರುವ ಅಪ್ಪ–ಅಮ್ಮಂದಿರಿಗೆ ಇನ್ನೊಂದು ಮಾತು. ಮಕ್ಕಳು ಕುಡಿಯುವ ರಸದ ಬಾಟಲಿಯ ಮೇಲೂ ಕಣ್ಣಾಡಿಸಿ. ಪಾಶ್ಚರೀಕರಿಸದ ಅಥವಾ ಬೇರಾವ ರೀತಿಯಲ್ಲೂ ಸಂಸ್ಕರಿಸದ ರಸವಾದರೆ ಎಚ್ಚರಿಕೆಯ ಚೀಟಿ ಇರಬೇಕೆಂಬ ನಿಯಮ 1998ರಿಂದ ಇದೆ. ಲೋಟಕ್ಕೆ ಸುರಿದು ಕೊಡುವ ಕಡೆ ಚೀಟಿ ಇರುವುದಿಲ್ಲ, ಕೇಳಿಯೇ ತಿಳಿಯಬೇಕು. ಪುಟ್ಟ ಮಕ್ಕಳು, ಬಸುರಿಯರು, ವಯಸ್ಸಾದವರು ಅಂಥ ರಸ ಮುಟ್ಟದಿರುವುದು ಕ್ಷೇಮ. ಊರಿಗೆ ಹೊರಡುವಾಗ ಸೂಟ್‌ಕೇಸಿನಲ್ಲಿ ಹಾರ್ಡ್ ಸೈಡರ್ ಒಯ್ಯುವ ಆಸೆಯಿದ್ದರೆ, ಭಾರತದ ಕಸ್ಟಮ್ಸ್ ಸುಂಕವಿಲ್ಲದೆ ಬಿಡುವುದು ತಲಾ 2 ಲೀಟರ್ ಮದ್ಯ. 750 ಮಿ.ಲೀ. ಬಾಟಲಿಯಾದರೆ ಎರಡು.