ರಜೆ ತೊಗೊಳ್ಳಲಿಲ್ಲ, ಅದರ ದುಡ್ಡಾದರೂ ಕೊಡಿ

ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಹುಡುಗರು ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳಲ್ಲಿ ಎರಡು ಮೂರು ವರ್ಷ ದುಡಿದು ಕೆಲಸ ಬಿಡುತ್ತಾರೆ. ಹೊಗೆ ಸಾಕಾಗಿರುತ್ತದೆ, ಇಲ್ಲವೇ ಊರಲ್ಲಿ ಹೊಲ ನೋಡುವವರು ಇರುವುದಿಲ್ಲ. ಬಿಡುವ ದಿನ ಒಂದು ಹಾಳೆಗೆ ಸಹಿ, ಕೊನೆಯ ತಿಂಗಳ ಪಗಾರ, ಮುಗೀತು. ಆ ಹಾಳೆಯಲ್ಲಿ ಏನು ಬರೆದಿತ್ತು ಅಂತ ನಾವು ಕೇಳಿದರೆ ಸಿಗುವ ಉತ್ತರ ಒಂದೇ: "ಓದಲಿಲ್ರಿ ಸರ್."

ಅದರಲ್ಲಿ ಬಹಳ ಸಲ "ನನಗೆ ಬರಬೇಕಾದ್ದೆಲ್ಲ ಬಂದಿದೆ" ಅಂತಲೇ ಬರೆದಿರುತ್ತದೆ. ಬಂದಿರುವುದಿಲ್ಲ. ಗಳಿಕೆ ರಜೆಯ ದುಡ್ಡು ಅಲ್ಲೇ ಉಳಿದಿರುತ್ತದೆ.

1948ರ ಕಾರ್ಖಾನೆ ಕಾಯ್ದೆಯ 79ನೇ ಕಲಂ ಪ್ರಕಾರ ವರ್ಷದಲ್ಲಿ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದು ದಿನ ಪಗಾರಸಹಿತ ರಜೆ. 280 ದಿನ ದುಡಿದರೆ 14 ದಿನ. ದಿನಕ್ಕೆ 500 ರೂಪಾಯಿ ಬೀಳುವವನಿಗೆ ಅದು 7,000 ರೂಪಾಯಿ. ಬಳಸದ ರಜೆಯನ್ನು 30 ದಿನದವರೆಗೆ ಮುಂದಿನ ವರ್ಷಕ್ಕೆ ಒಯ್ಯಬಹುದು. ನಡುವೆ ಕೆಲಸ ಬಿಟ್ಟವರಿಗೆ 240 ದಿನ ತುಂಬಬೇಕೆಂಬ ಷರತ್ತೂ ಇಲ್ಲ. ತಾನೇ ಬಿಟ್ಟರೂ, ತೆಗೆದುಹಾಕಿದರೂ ಎರಡನೇ ಕೆಲಸದ ದಿನ ಮುಗಿಯುವುದರೊಳಗೆ ದುಡ್ಡು ಕೊಡಬೇಕು. ಕಾರ್ಮಿಕ ತೀರಿಕೊಂಡರೆ ಎರಡು ತಿಂಗಳೊಳಗೆ ವಾರಸುದಾರರಿಗೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಈ ಹಕ್ಕು ಉಳಿದಿದೆ. 240 ದಿನ ಇದ್ದದ್ದು 180ಕ್ಕೆ ಇಳಿದಿದೆ.

"ನೀನು ಗುತ್ತಿಗೆಯವ, ನಿನಗೆಲ್ಲಿ ರಜೆ" ಅನ್ನುವ ಮಾತನ್ನು ನಂಬಬೇಡಿ. ಗುತ್ತಿಗೆದಾರನ ಮೂಲಕ ಬಂದವನೂ ಆ ಕಾಯ್ದೆಯ ಲೆಕ್ಕದಲ್ಲಿ ಕಾರ್ಮಿಕನೇ.

ಸರ್ಕಾರಿ ನೌಕರರು ನಿವೃತ್ತಿಯಾಗುವಾಗ 300 ದಿನದವರೆಗಿನ ಗಳಿಕೆ ರಜೆಯ ದುಡ್ಡು ಎಣಿಸಿಕೊಳ್ಳುತ್ತಾರೆ. ನಮಗೆ ಹೊಟ್ಟೆಕಿಚ್ಚಿಲ್ಲ. (ನಮ್ಮಂಥ ಸ್ಟ್ರಿಂಗರ್‌ಗಳಿಗಂತೂ ರಜೆಯೇ ಇಲ್ಲ, ಇನ್ನು ಅದರ ದುಡ್ಡೆಲ್ಲಿ!) ಆದರೆ ಕುಲುಮೆ ಮುಂದೆ ನಿಂತವನ 14 ದಿನವೂ ದುಡಿಮೆಯೇ ಅಲ್ಲವೇ? ಪಿಂಚಣಿ, ಗ್ರಾಚ್ಯುಟಿ, ರಜೆ ದುಡ್ಡು ನೌಕರನ ಆಸ್ತಿ, ಕಾನೂನಿನ ಬಲವಿಲ್ಲದೆ ಕಿತ್ತುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಜಾರ್ಖಂಡ್ ಪ್ರಕರಣದಲ್ಲಿ ಹೇಳಿದೆ. ಗ್ರಾಮೀಣ ಬ್ಯಾಂಕಿನಿಂದ ವಜಾ ಆದ ಅಧಿಕಾರಿಯೊಬ್ಬರ ವಿಷಯದಲ್ಲಿ ನಮ್ಮ ಹೈಕೋರ್ಟೂ ಅದೇ ಮಾತು ಹೇಳಿತು. ವಜಾ ಆದವರಿಗೇ ಸಿಗುವಾಗ ಮರ್ಯಾದೆಯಿಂದ ಬಿಟ್ಟವರಿಗೆ ಯಾಕಿಲ್ಲ?

ತಪ್ಪು ಎಲ್ಲಿದೆ ಅಂದರೆ, ಪಗಾರ ಚೀಟಿಯಲ್ಲಿ. ಪಿ.ಎಫ್., ಇ.ಎಸ್.ಐ. ಕಡಿತಕ್ಕೆ ಕಾಲಂ ಇರುತ್ತದೆ, ಬಾಕಿ ರಜೆಗೆ ಹುಡುಕಿದರೂ ಸಿಗುವುದಿಲ್ಲ. ಎಷ್ಟಿದೆ ಅಂತ ಕಾಣದ ದುಡ್ಡನ್ನು ಯಾರು ಕೇಳುತ್ತಾರೆ? ಕೊಪ್ಪಳದ ಕಾರ್ಮಿಕ ಅಧಿಕಾರಿಗಳು ಕಾರ್ಖಾನೆ ತಪಾಸಣೆಗೆ ಹೋದಾಗ ಕೆಲಸ ಬಿಟ್ಟವರ ಲೆಕ್ಕದ ಹಾಳೆಗಳನ್ನೂ ತೆಗೆಸಿ ನೋಡಲಿ ಎಂಬುದು ನಮ್ಮ ಒತ್ತಾಯ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ಮೊಬೈಲ್. ಪ್ರತಿ ತಿಂಗಳ ಪಗಾರ ಚೀಟಿ, ಹಾಜರಿ ಕಾರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಬಿಡುವಾಗ ರಾಜೀನಾಮೆ ಪತ್ರದಲ್ಲೇ "ಬಾಕಿ ರಜೆಯ ಪಗಾರ ಕೊಡಿ" ಎಂಬ ಒಂದು ಸಾಲು ಸೇರಿಸಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಕೊಡದಿದ್ದರೆ ಅದೇ ಪ್ರತಿ ಹಿಡಿದು ಕಾರ್ಮಿಕ ಇಲಾಖೆಗೆ ಹೋಗಿ. ಅವರು ಕೊಡುವ ಹಾಳೆಯನ್ನು ಮಾತ್ರ ಓದದೆ ಸಹಿ ಮಾಡಬೇಡಿ.