ಮಾದರಿಯಿಲ್ಲದ ತೀರ್ಪು

2021ರ ಆಗಸ್ಟ್ 1ರಂದು ಹಂಗೇರಿಯ ಫಾರ್ಮುಲಾ ಒನ್ ಪಂದ್ಯದಲ್ಲಿ ಸೆಬಾಸ್ಟಿಯನ್ ವೆಟ್ಟೆಲ್ ಎರಡನೆಯವನಾಗಿ ಗುರಿ ಮುಟ್ಟಿದ. ಪಂದ್ಯದ ಬಳಿಕ ಪರೀಕ್ಷೆಗೆಂದು ಕಾರಿನಿಂದ 1 ಲೀಟರ್ ಇಂಧನ ದೊರೆಯಬೇಕೆಂಬುದು ನಿಯಮ; ದೊರೆತದ್ದು 0.3 ಲೀಟರ್. ಅವನು ಅನರ್ಹನಾದ, 18 ಅಂಕಗಳು ಹೋದವು. ಟ್ಯಾಂಕಿನಲ್ಲಿ ಇನ್ನೂ ಇಂಧನವಿದೆಯೆಂದು ಆಸ್ಟನ್ ಮಾರ್ಟಿನ್ ತಂಡವು ಮರುಪರಿಶೀಲನೆ ಕೋರಿತು. ದೋಷವೊಂದರಿಂದ ಇಂಧನ ಹೊರಹೋಗಿತ್ತೆಂಬುದು ತಂಡದ್ದೇ ಅಂಕಿಅಂಶಗಳಿಂದ ತಿಳಿಯಿತು. ಕಾರಣ ಮುಖ್ಯವಲ್ಲ, ಮಾದರಿ ಮುಖ್ಯ ಎಂದು ಕೋರಿಕೆ ತಿರಸ್ಕೃತವಾಯಿತು. ತಂಡವು ಮೇಲ್ಮನವಿಯ ಪ್ರಯತ್ನವನ್ನು ಕೈಬಿಟ್ಟಿತು.

ತೀರ್ಪು ಕಠಿಣವಾದದ್ದು. ಆದರೂ ಸೋತವನ ಮುಂದೆ ಅಳತೆಯಿತ್ತು, ಮಾದರಿಯಿತ್ತು, ತಟ್ಟಲು ಬಾಗಿಲಿತ್ತು. ಮಂಡ್ಯ, ಮದ್ದೂರು, ಮಳವಳ್ಳಿಯ ಕಬ್ಬು ಬೆಳೆಗಾರನಿಗೆ ಇವುಗಳಲ್ಲಿ ಯಾವುದಿದೆ?

2025-26ರ ಹಂಗಾಮಿಗೆ ಕೇಂದ್ರ ಸರ್ಕಾರವು ಶೇ. 10.25ರ ರಿಕವರಿಗೆ ಕ್ವಿಂಟಲಿಗೆ 355 ರೂ. ದರ ನಿಗದಿಪಡಿಸಿತು. ರಿಕವರಿಯೆಂದರೆ ನೂರು ಕಿಲೋ ಕಬ್ಬಿನಿಂದ ದೊರೆತ ಸಕ್ಕರೆ. ಅದು ಶೇ. 0.1ರಷ್ಟು ಇಳಿದರೆ 3.46 ರೂ. ಕಡಿತ, ಶೇ. 9.5ಕ್ಕಿಂತ ಕೆಳಗೆ 329.05 ರೂ. ಎಕರೆಗೆ 40 ಟನ್ ಎಂದಿಟ್ಟುಕೊಂಡರೆ, ಅರ್ಧ ಶೇಕಡಾ ಇಳಿಕೆಗೆ ರೈತ ಕಳೆದುಕೊಳ್ಳುವುದು 6,920 ರೂ.

ಈ ಅಂಕಿ ಹುಟ್ಟುವುದು ಕಾರ್ಖಾನೆಯ ಪ್ರಯೋಗಾಲಯದಲ್ಲಿ, ಕಾರ್ಖಾನೆಯ ಲೆಕ್ಕದಲ್ಲಿ. ಕಡಿದ ಕಬ್ಬು ಬಿಸಿಲಲ್ಲಿ ಕಾದರೆ ಅದರ ಸುಕ್ರೋಸ್ ಒಡೆಯುತ್ತದೆ. ಹಳೆಯ ಯಂತ್ರ ಸಕ್ಕರೆಯನ್ನು ಸಿಪ್ಪೆಯಲ್ಲೇ ಬಿಡುತ್ತದೆ. ಎರಡರ ದಂಡವನ್ನೂ ತೆರುವವನು ರೈತ. ದರ ಸರಾಸರಿಯದು, ಗಾಡಿಗೊಂದು ಮಾದರಿ ಏಕೆ ಎಂದು ಕೇಳುವವರಿದ್ದಾರೆ. ಗೇಟಿನೊಳಗೆ ಬಂದ ಕಬ್ಬಿನಲ್ಲಿ ಎಷ್ಟು ಸಕ್ಕರೆಯಿತ್ತೆಂದು ತಿಳಿಯದೆ, ಗಿರಣಿಯಲ್ಲಿ ಕಳೆದದ್ದೆಷ್ಟೆಂದು ತಿಳಿಯುವುದು ಹೇಗೆ?

ಕಾನೂನಿಗೆ ಇದು ಹೊಸತಲ್ಲ. 1974ರ ಜಲಮಾಲಿನ್ಯ ಕಾಯ್ದೆಯ 21ನೆಯ ಕಲಮಿನಂತೆ, ಕಾರ್ಖಾನೆಯ ತ್ಯಾಜ್ಯನೀರಿನ ಮಾದರಿಯನ್ನು ಮಾಲೀಕ ಕೇಳಿದರೆ ಅವನೆದುರೇ ಎರಡು ಭಾಗ ಮಾಡಿ, ಮುದ್ರೆಯೊತ್ತಿ, ಇಬ್ಬರೂ ಸಹಿ ಹಾಕಬೇಕು. ಕ್ರಮ ತಪ್ಪಿದರೆ ಆ ವರದಿ ನ್ಯಾಯಾಲಯದಲ್ಲಿ ನಿಲ್ಲದು. ಹೊಳೆಗೆ ಕೊಳಕು ಬಿಡುವವನಿಗೆ ಇರುವ ರಕ್ಷಣೆ ಕಬ್ಬು ಬೆಳೆದವನಿಗೆ ಬೇಡವೇ?

ಆದ್ದರಿಂದ ಗೇಟಿನಲ್ಲಿಯೇ ಊರುವಾರು ಮಾದರಿ ತೆಗೆಯಲಿ. ಒಂದು ಪಾಲು ಕಾರ್ಖಾನೆಗೆ, ಮತ್ತೊಂದು ಮುದ್ರೆಯೊಡನೆ ತಡವಿಲ್ಲದೆ ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಂತಹ ತಟಸ್ಥ ಪ್ರಯೋಗಾಲಯಕ್ಕೆ ಹೋಗಲಿ. ಫಲಿತಾಂಶ ಪಂಚಾಯಿತಿಯ ಫಲಕದ ಮೇಲೆ ಬರಲಿ. ಒಪ್ಪದವನಿಗೆ ಮೇಲ್ಮನವಿಯ ಅವಧಿಯಿರಲಿ.

ಇದು ಬಯಲುಸೀಮೆಯ ಗೋಳೆಂದು ಮಲೆನಾಡು ಸುಮ್ಮನಿರಲಾಗದು. ವ್ಯಾಪಾರಿಯ ಮೇಜಿನ ಮೇಲೆ ಕಾಫಿಯ ಔಟ್‌ಟರ್ನ್ ತೀರ್ಮಾನವಾಗುವಾಗಲೂ ಮಾದರಿ ಇರುವುದು ಕೊಳ್ಳುವವನ ಕೈಯಲ್ಲೇ.